ಆ ಫೋಟೋ ಎಲ್ಲಿದೆ?

(ಪೀಣ್ಯದ ಕಡೆಯ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ರಾತ್ರಿಯ ವಿಷಯ ಹೇಳಿಬಿಡುತ್ತೇವೆ. ಕಾನೂನು, ಕೋರ್ಟು ಎಲ್ಲ ಆಮೇಲೆ.

ನಾವು ಮೂವರು. ಬಿ.ಎ. ಮುಗಿಸಿ, ಕೆಲಸ ಹುಡುಕಿ ಹುಡುಕಿ ಸಾಕಾಗಿ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಸೇರಿಕೊಂಡವರು. ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ರೂಮಿನ ಕಡೆ ನಡೆದು ಬರ್ತಾ ಇದ್ವಿ. ಬೈಕಿನಲ್ಲಿ ಇಬ್ಬರು ಪೊಲೀಸರು ಬಂದರು. ‘ಏಯ್, ನಿಂತ್ಕೊಳ್ರೋ’ ಅಂದರು. ನಿಂತೆವು. ಯಾವೂರು ಅಂದರು, ಹೇಳಿದೆವು. ಯಾವ ಜನ ಅಂದರು. ಅದನ್ನೂ ಹೇಳಿದೆವು, ಮುಚ್ಚಿಡೋದನ್ನು ಬಿಟ್ಟು ಬಹಳ ದಿನ ಆಯ್ತು. ಆಮೇಲೆ ಮೊಬೈಲಿನ ಲಾಕ್ ತೆಗೆಸಿ ವಾಟ್ಸಾಪ್ ನೋಡಿದರು. ನಮ್ಮಲ್ಲೊಬ್ಬನ ಫೋನಿನಲ್ಲಿ ಅವನ ತಂಗಿ ಕಳಿಸಿದ್ದ ಮೆಸೇಜಿತ್ತು. ಮನೇಲಿ ಅಕ್ಕಿ ಮುಗಿದದೆ, ಐನೂರು ಕಳಿಸಣ್ಣ ಅಂತ. ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಕೊನೆಗೆ ಮೂವರನ್ನೂ ಲೈಟು ಕಂಬದ ಕೆಳಗೆ ನಿಲ್ಲಿಸಿ ಫೋಟೋ ತೆಗೆದುಕೊಂಡು ‘ಹೋಗ್ರಿ’ ಅಂದರು.

ಹೊಡೆಯಲಿಲ್ಲ. ಠಾಣೆಗೆ ಕರಕೊಂಡು ಹೋಗಲಿಲ್ಲ. ಅದಕ್ಕೇ ಯಾರಿಗೆ ಹೇಳಿದರೂ ‘ಅಷ್ಟೇ ತಾನೆ, ಬಿಡ್ರಪ್ಪ’ ಅಂತಾರೆ. ನಮಗೆ ಬಿಡೋಕೆ ಆಗ್ತಾ ಇಲ್ಲ. ಆ ಫೋಟೋ ಈಗ ಎಲ್ಲಿದೆ? ಯಾವ ಪಟ್ಟಿಗೆ ಸೇರಿದೆ? ನಾಳೆ ಆ ಬೀದಿಯಲ್ಲಿ ಒಂದು ಬೈಕು ಕಳುವಾದರೆ ಮೊದಲು ಯಾರ ಮುಖ ತೆಗೆದು ತೋರಿಸ್ತಾರೆ? ಕೇಳೋಣ ಅಂದರೆ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಇವತ್ತಿನ ನಮ್ಮ ಮಾತೆಲ್ಲ ಆ ಚೀಟಿಯ ಬಗ್ಗೆ.

ಪತ್ರಿಕೆಗಳಲ್ಲಿ ದೊಡ್ಡವರು ಬರೀತಾರೆ: ದೇಶದ ಭದ್ರತೆ ಒಂದು ತಟ್ಟೆ, ಪ್ರಜೆಗಳ ಸ್ವಾತಂತ್ರ್ಯ ಇನ್ನೊಂದು ತಟ್ಟೆ, ತಕ್ಕಡಿ ಸಮ ತೂಗಬೇಕು ಅಂತ. ಆಗಲಿ. ಆದರೆ ನಮ್ಮವ್ವಂದಿರು ಸಂತೆ ಕಂಡವರು. ತಕ್ಕಡಿ ಹಿಡಿದವನ ಕೈ ನೋಡದೆ ತೂಕ ಒಪ್ಪಿಕೊಂಡವರಲ್ಲ. ‘ತಪ್ಪು ಮಾಡದವನಿಗೆ ಭಯ ಯಾಕೆ’ ಅಂತ ಕೇಳೋರೂ ಇದ್ದಾರೆ. ಅವರಿಗೆ ನಮ್ಮ ಪ್ರಶ್ನೆ ಇಷ್ಟೆ: ಆ ರಾತ್ರಿ ನಾವು ಮಾಡಿದ ತಪ್ಪು ಯಾವುದು? ನಡೆದು ಬಂದದ್ದೋ, ಕೇಳಿದ್ದಕ್ಕೆ ನಿಜ ಹೇಳಿದ್ದೋ?

ಗೆಳೆಯರೆ, ಕಾವಲು ನಮಗೆ ಹೊಸದಲ್ಲ. ತೋಟಿ, ತಳವಾರಿಕೆ ಅಂತ ಊರಿನ ಬೆಳೆ ಕಾದವರು, ಗಡಿ ಕಾದವರು, ರಾತ್ರಿ ದೊಣ್ಣೆ ಹಿಡಿದು ತಿರುಗಿದವರು ನಮ್ಮ ಅಜ್ಜಂದಿರು. ಊರಲ್ಲಿ ಕಳ್ಳತನವಾದರೆ ಮೊದಲು ಸೋಸಿದ್ದು ಮಾತ್ರ ನಮ್ಮ ಕೇರಿಯನ್ನೇ. ಆ ಬಿಟ್ಟಿ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ಕಾಯೋದೂ ನಾವೇ, ಅನುಮಾನಕ್ಕೆ ಸಿಗೋದೂ ನಾವೇ ಅನ್ನೋದು ಹೋಯ್ತಾ? ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳ ಗೇಟಿಗೆ ಹೋಗಿ ನೋಡಿ. ಯೂನಿಫಾರಂ ಹಾಕಿಕೊಂಡು ನಿಂತವನು ನಮ್ಮ ಹುಡುಗ. ಅವನು ಚೀಲ ಬಿಚ್ಚಿಸಿ ನೋಡಬೇಕಾದ್ದು ಪಾತ್ರೆ ತೊಳೆದು ಹೊರಗೆ ಬರೋ ನಮ್ಮ ಅಕ್ಕನ ಚೀಲ. ಆಕೆ ಎಷ್ಟು ಗಂಟೆಗೆ ಒಳಗೆ ಹೋದಳು, ಎಷ್ಟಕ್ಕೆ ಬಂದಳು ಅನ್ನೋದು ಒಂದು ಆ್ಯಪ್‌ನಲ್ಲಿ ದಾಖಲಾಗುತ್ತೆ. ಒಳಗಿರೋರ ಕಾರಿನ ಡಿಕ್ಕಿ ಬಿಚ್ಚಿಸೋರು ಯಾರು?

ಇದಕ್ಕಿಂತ ಕ್ರೂರವಾದ ಚರಿತ್ರೆಯೂ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿದ ಕುಲವೇ ಅಪರಾಧ ಅಂತ ಬರೆದ ಕಾನೂನು. ಆಮೇಲೆ ಅದು ದೇಶದ ಉದ್ದಗಲಕ್ಕೂ ಹರಡಿತು. ನಮ್ಮ ಕಡೆಯ ಕೊರಮ, ಕೊರಚ ಜನ ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ದಾಟಬೇಕಾದರೆ ಪಾಸು ತಗೋಬೇಕು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರಲ್ಲಿ ಆ ಕಾಯ್ದೆ ರದ್ದಾಯ್ತು. ಕಾಯ್ದೆ ಹೋಯ್ತು, ಬೇರೆ ಬೇರೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ ಅನ್ನೋ ಹೊಸ ಹೆಸರಿನ ಕಾನೂನುಗಳು ಬಂದವು. ಠಾಣೆಯ ಬೀರುವಿನಲ್ಲಿ ಹಳೇ ಅನುಮಾನ ಹಾಗೇ ಉಳಿಯಿತು.

ಇದು ನಾವು ಸಿಟ್ಟಿಗೆ ಹೇಳ್ತಾ ಇರೋ ಮಾತಲ್ಲ. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ವಿಷಯ ಎತ್ತಿಕೊಂಡಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರ ಮುಗ್ಧ ಮಕ್ಕಳ ಹೆಸರನ್ನು ಹುಟ್ಟಿನ ಕಾರಣಕ್ಕೇ ಹಿಸ್ಟರಿ ಶೀಟಿಗೆ ಸೇರಿಸಬಾರದು, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ನೋಡಿಕೊಳ್ಳಬೇಕು ಅಂತ ಹೇಳಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋ ನಿಯಮಗಳನ್ನು ಹೊಡೆದುಹಾಕಿತು. ಸ್ವಾತಂತ್ರ್ಯ ಬಂದು 77 ವರ್ಷಕ್ಕೆ ಕೋರ್ಟು ಹೀಗೆ ಹೇಳಬೇಕಾಗಿ ಬಂತು ಅಂದರೆ ಆ ಬೀರುವಿನಲ್ಲಿ ಏನಿತ್ತು ಅಂತ ನೀವೇ ಯೋಚಿಸಿ.

ಈಗ ಬೀರು ಹೋಗಿ ಕಂಪ್ಯೂಟರು ಬಂದಿದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆ 667 ಕೋಟಿ ರೂಪಾಯಿಯದು. ನಿರ್ಭಯಾ ನಿಧಿಯಿಂದ, ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಬಂದದ್ದು. ಸಾವಿರಾರು ಕ್ಯಾಮೆರಾಗಳು, ಮುಖ ಗುರುತಿಸೋ ತಂತ್ರ, 2023ರಲ್ಲಿ ಉದ್ಘಾಟನೆಯಾದ ಕಮಾಂಡ್ ಸೆಂಟರ್. ಇದರ ಮೇಲೆ ಅಂಗಡಿಯವರದು, ಫ್ಯಾಕ್ಟರಿಯವರದು, ಅಪಾರ್ಟ್‌ಮೆಂಟಿನವರದು ಬೇರೆ. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋಷ್ಟರಲ್ಲಿ ನಮ್ಮ ಮುಖ ಎಷ್ಟು ಕಡೆ ಬಿದ್ದಿರುತ್ತೋ ಲೆಕ್ಕವಿಲ್ಲ.

ನೋಡೋದು ಬರೀ ನೋಡೋದರಲ್ಲಿ ಮುಗಿಯುತ್ತಾ? ವೈಟ್‌ಫೀಲ್ಡ್ ಕಡೆ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ ಇದೆ. ಐಟಿ ಕಂಪೆನಿಗಳ ಕಟ್ಟಡ ಕಟ್ಟಿದವರು, ಅವರ ಕಸ ಹೊತ್ತವರು, ಅವರ ಮನೆ ಒರೆಸಿದವರು ತಗಡಿನ ಶೆಡ್ಡುಗಳಲ್ಲಿದ್ದರು. 2020ರ ಜನವರಿಯಲ್ಲಿ ಅಲ್ಲಿರೋರು ಬಾಂಗ್ಲಾದೇಶದವರು ಅಂತ ಒಂದು ವಿಡಿಯೋ ಹರಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ನೂರಾರು ಶೆಡ್ಡು ನೆಲಸಮ. ಅಲ್ಲಿದ್ದವರು ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದವರು, ಅಸ್ಸಾಂ, ತ್ರಿಪುರಾದವರು. ಆಧಾರ್, ಓಟರ್ ಕಾರ್ಡು ಕೈಯಲ್ಲಿ ಹಿಡಿದು ತೋರಿಸ್ತಾನೇ ಇದ್ದರು. ಆಮೇಲೆ ಪಿ.ಯು.ಸಿ.ಎಲ್. ಹೈಕೋರ್ಟಿಗೆ ಹೋಯ್ತು, ಕೋರ್ಟು ತೆರವಿಗೆ ತಡೆ ಕೊಟ್ಟಿತು. ತಡೆ ಬರೋಷ್ಟರಲ್ಲಿ ಮನೆ ಮಣ್ಣಾಗಿತ್ತು. ಬಡವನ ಮೇಲೆ ಅನುಮಾನ ಬಿದ್ದರೆ ವಿಚಾರಣೆಗಿಂತ ಮುಂಚೆ ಶಿಕ್ಷೆ ಬರುತ್ತೆ.

ಇನ್ನೊಂದು ತಮಾಷೆ ನೋಡಿ. ಜೀವನವಿಡೀ ಪೊರಕೆ ಹಿಡಿದು, ಸಿಮೆಂಟು ಕಲಸಿ ಬೆರಳು ಸವೆದ ತಾಯಿ ರೇಷನ್ ಅಂಗಡಿಗೆ ಹೋದರೆ ಯಂತ್ರ ಆಕೆಯ ಗುರುತು ಹಿಡಿಯೋದಿಲ್ಲ. ಅಕ್ಕಿ ಕೊಡುವಾಗ ಗುರುತು ಸಿಗದ ಜನ ನಾವು. ಹಿಡಿಯುವಾಗ ಮಾತ್ರ ಬೇಗ ಸಿಗುತ್ತೇವೆ.

ದೊಡ್ಡವರ ಮೇಲೆ ಕಣ್ಣು ಬಿದ್ದಾಗ ಏನಾಯ್ತು? 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆಯ ಆಪಾದನೆ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. 2019ರಲ್ಲಿ ಮತ್ತೆ ನಮ್ಮ ರಾಜ್ಯದಲ್ಲೇ ಕದ್ದಾಲಿಕೆ ಗಲಾಟೆ ಎದ್ದು ತನಿಖೆ ಸಿಬಿಐಗೆ ಹೋಯ್ತು. ಫೋನ್ ಕದ್ದು ಕೇಳೋಕೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಅಂತ ಪಿ.ಯು.ಸಿ.ಎಲ್. ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಮಂತ್ರಿಯ ಫೋನು ಕೇಳಿದರೆ ಕುರ್ಚಿ ಅಲ್ಲಾಡುತ್ತೆ. ತಂಗಿಯ ಮೆಸೇಜನ್ನು ಬೀದಿಯಲ್ಲಿ ಓದಿ ನಕ್ಕರೆ ಒಂದು ಎಲೆಯೂ ಅಲ್ಲಾಡೋದಿಲ್ಲ.

ಹಾಗಂತ ನಮಗೆ ಪೊಲೀಸೇ ಬೇಡ, ಕ್ಯಾಮೆರಾನೇ ಬೇಡ ಅಂತ ನಾವು ಹೇಳ್ತಾ ಇಲ್ಲ. ಈ ಮಾತು ಜೋಪಾನವಾಗಿ ಕೇಳಿ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ಬರೋ ನಮ್ಮ ಅಕ್ಕತಂಗಿಯರಿಗೆ ಬೆಳಕೂ ಬೇಕು, ಕಾವಲೂ ಬೇಕು. ಹಳ್ಳಿಯಲ್ಲಿ ದೌರ್ಜನ್ಯವಾದಾಗ ಸಾಕ್ಷಿಗಳು ಯಾಕೆ ತಿರುಗಿಬೀಳ್ತಾರೆ ಅಂತ ನಮಗೆ ಗೊತ್ತು. ಅದಕ್ಕೇ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮಿನಲ್ಲಿ ಕೇಸಿನ ನಡವಳಿಯನ್ನೆಲ್ಲ ವಿಡಿಯೋ ಮಾಡಬೇಕು ಅಂತ ಇದೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತಿ ಠಾಣೆಯ ಒಳಗೂ ಹೊರಗೂ, ಲಾಕಪ್ಪಿನಲ್ಲೂ ಕ್ಯಾಮೆರಾ ಇರಬೇಕು, ಮಾತೂ ದಾಖಲಾಗಬೇಕು ಅಂತ ಆಜ್ಞೆ ಮಾಡಿತು. ಐದು ವರ್ಷವಾಗುತ್ತಾ ಬಂದರೂ ಕೆಲಸ ಮಾಡದ ಕ್ಯಾಮೆರಾಗಳ ಬಗ್ಗೆ 2025ರಲ್ಲಿ ಅದೇ ಕೋರ್ಟು ತಾನಾಗೇ ಮತ್ತೆ ಕೇಸು ಎತ್ತಿಕೊಳ್ಳಬೇಕಾಯ್ತು. ಬೀದಿಯ ಕ್ಯಾಮೆರಾಕ್ಕೆ ನೂರಾರು ಕೋಟಿ ಸಿಗುತ್ತೆ. ಲಾಕಪ್ಪಿನ ಕ್ಯಾಮೆರಾ ಕೆಟ್ಟಿರುತ್ತೆ. ತಕ್ಕಡಿ ಎತ್ತ ವಾಲಿದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದರೆ ಸರಿಯಾದ ತೂಕ ಯಾವುದು? ಬಾಬಾಸಾಹೇಬರು 1947ರಲ್ಲೇ ಬರೆದಿಟ್ಟಿದ್ದರು. ಸಂವಿಧಾನ ಸಭೆಗೆ ಅವರು ಸಿದ್ಧಪಡಿಸಿದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಮನವಿಯಲ್ಲಿ, ವಿನಾಕಾರಣ ಯಾರ ಮೈಯನ್ನೂ ಮನೆಯನ್ನೂ ಕಾಗದಪತ್ರವನ್ನೂ ಸೋಸಕೂಡದು ಅನ್ನೋ ಹಕ್ಕಿತ್ತು. ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಆ ಕಲಮು ಸೇರಲಿಲ್ಲ. ಎಪ್ಪತ್ತು ವರ್ಷದ ಮೇಲೆ ಆ ಮಾತನ್ನು ಕೋರ್ಟಿನ ಬಾಯಲ್ಲಿ ಹೇಳಿಸಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ನಮ್ಮ ಬದುಕಿಗೆ ಕಣ್ಣು ಹಾಕಬೇಕಾದರೆ ಮೂರು ಬೇಕು: ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕು ಲೈಟು ಕಂಬದ ಕೆಳಗೆ ಇನ್ನೂ ಬಂದು ತಲುಪಿಲ್ಲ.

ತೀರ್ಪಿನ ಮೇಲೆ ಬಂದ ಕಾನೂನುಗಳನ್ನೂ ನೋಡಿ. 2022ರ ಕ್ರಿಮಿನಲ್ ಪ್ರೊಸೀಜರ್ ಗುರುತಿಸುವಿಕೆ ಕಾಯ್ದೆ. ಬೆರಳಚ್ಚು, ಕಣ್ಣಿನ ಪಾಪೆ, ಸಹಿ, ಕೈಬರಹ ಎಲ್ಲ ತೆಗೆದುಕೊಂಡು 75 ವರ್ಷ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಎಷ್ಟು ಜನರ ಅಪ್ಪಂದಿರು 75 ಕಂಡಿದ್ದಾರೆ? ನಾವು ಸತ್ತ ಮೇಲೂ ನಮ್ಮ ಬೆರಳು ಅವರ ಹತ್ತಿರ ಇರುತ್ತೆ. ಕೇಸು ಬಿದ್ದುಹೋದರೆ ಅಳಿಸಬೇಕು ಅಂತ ಆ ಕಾಯ್ದೆಯಲ್ಲೇ ಇದೆ. ಆದರೆ ಕೇಸೇ ಇಲ್ಲದೆ ಬೀದಿಯಲ್ಲಿ ತೆಗೆದ ಫೋಟೋವನ್ನು ಯಾವ ಕಾಯ್ದೆಯಲ್ಲಿ ಅಳಿಸ್ತಾರೆ? 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ ಕಂಪೆನಿಗಳಿಗೆ ಲಗಾಮು ಅಂತಾರೆ. ಸರ್ಕಾರ ತನಗೆ ಬೇಕಾದ ತನ್ನದೇ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಟ್ಟುಕೊಳ್ಳಬಹುದು. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿತು, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಪೌರಕಾರ್ಮಿಕರ ಹೆಸರಿನಲ್ಲಿ ಸಂಬಳ ನುಂಗಿದ ಗುತ್ತಿಗೆದಾರನ ಪಟ್ಟಿ ಕೇಳಿದರೆ ‘ಅದು ವೈಯಕ್ತಿಕ’ ಅಂತ ಬಾಗಿಲು ಹಾಕೋದು ಇನ್ನು ಸುಲಭ. ಅವರು ನಮ್ಮನ್ನು ನೋಡೋ ಕಿಟಕಿ ದೊಡ್ಡದಾಯ್ತು. ನಾವು ಅವರನ್ನು ನೋಡೋ ಕಿಟಕಿ ಚಿಕ್ಕದಾಯ್ತು. ನಮ್ಮ ತಕರಾರು ಇದೇ.

ಅದಕ್ಕೇ ನಾವು ಕೇಳೋದು ಚೀಟಿ. ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಅಂತ ಬರೆದುಕೊಡಿ. ಫೋಟೋ ತೆಗೆದರೆ ಎಲ್ಲಿಡುತ್ತೀರಿ, ಯಾವತ್ತು ಅಳಿಸುತ್ತೀರಿ ಅಂತ ಹೇಳಿ. ಪಟ್ಟಿಗೆ ಸೇರಿಸಿದರೆ ತಿಳಿಸಿ, ತಕರಾರು ಹೇಳೋಕೆ ಅವಕಾಶ ಕೊಡಿ. ಇದೇನು ಆಕಾಶದ ಹಣ್ಣಲ್ಲ. ಕರ್ನಾಟಕದ ಗಿಗ್ ಕೆಲಸಗಾರರ 2025ರ ಕಾಯ್ದೆಯಲ್ಲಿ, ಯಂತ್ರ ಕೆಲಸಗಾರನನ್ನು ಹೇಗೆ ನೋಡುತ್ತೆ, ಹೇಗೆ ಅಳೆಯುತ್ತೆ ಅನ್ನೋದನ್ನು ಕಂಪೆನಿ ಅವನಿಗೆ ತಿಳಿಸಬೇಕು ಅಂತ ಬರೆದಿದೆ. ಊಟದ ಚೀಲ ಹೊತ್ತು ತಿರುಗೋ ಹುಡುಗನಿಗೆ ಕಂಪೆನಿ ಲೆಕ್ಕ ಹೇಳಬೇಕಾದರೆ, ಪ್ರಜೆಗೆ ಸರ್ಕಾರ ಯಾಕೆ ಹೇಳಬಾರದು?

ಹಾಸ್ಟೆಲಿನಲ್ಲಿ ಕೂತು ನಾವು ಮಾಡಬಹುದಾದ್ದು ಇದೆ. ತನಿಖೆಯಲ್ಲಿರೋ ಕೇಸಿನಲ್ಲೂ ಫೋನು ಶೋಧಿಸೋಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟು ಬೇಕು, ತುರ್ತು ಅಂದರೆ ಕಾರಣ ಬರೆದಿಡಬೇಕು ಅಂತ ನಮ್ಮ ಹೈಕೋರ್ಟು 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದೆ. ಅದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರತಿ ರೂಮಿನ ಬಾಗಿಲ ಹಿಂದೆ ಅಂಟಿಸೋಣ. ಯಾರನ್ನಾದರೂ ನಿಲ್ಲಿಸಿದರೆ ದಿನ, ಹೊತ್ತು, ಜಾಗ, ಕೇಳಿದ ಪ್ರಶ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಜಗಳಕ್ಕೆ ಹೋಗೋದು ಬೇಡ, ಒಂಟಿಯಾಗಿ ವಾದಕ್ಕೆ ನಿಲ್ಲೋದೂ ಬೇಡ. ಮಾರನೇ ದಿನ ಹತ್ತು ಜನ ಸೇರಿ, ವಕೀಲರೊಬ್ಬರನ್ನು ಕರಕೊಂಡು ಹೋಗಿ ಅರ್ಜಿ ಕೊಡೋಣ. ಠಾಣೆಯ ಕ್ಯಾಮೆರಾ ಎಷ್ಟು, ಅದರಲ್ಲಿ ನಡೀತಾ ಇರೋದೆಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅದಂತೂ ಯಾರ ವೈಯಕ್ತಿಕವೂ ಅಲ್ಲ.

ನಾವು ಮೂವರೂ ಅರ್ಜಿ ಬರೆದಿದ್ದೇವೆ. ಮೂರೇ ಸಾಲು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಂಬದ ಕೆಳಗೆ ನಮ್ಮ ಫೋಟೋ ತೆಗೆದಿರಿ. ಯಾವ ಕಾನೂನಿನಲ್ಲಿ? ಈಗ ಅದು ಎಲ್ಲಿದೆ? ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕೊಡೋಕೆ ಹೋಗ್ತಾ ಇದ್ದೇವೆ. ಪಾಳಿ ಇಲ್ಲದವರು, ಕ್ಲಾಸು ಇಲ್ಲದವರು ಜೊತೆಗೆ ಬನ್ನಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಬರೆಸಿಕೊಂಡೇ ವಾಪಸು ಬರೋಣ. ನಮ್ಮ ಕೈಗೆ ಬರೋ ಮೊದಲನೇ ಚೀಟಿ ಅದು.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಹಾಸ್ಟೆಲಿಗೆ ದಾಟಿಸಿ.