ಯಂತ್ರದ ನಾದ, ಗಣೆಯ ಉಸಿರು

(ಬಾನುಲಿ ಭಾಷಣ)

ಮಧುಗಿರಿಯವನಿಗೆ ರಾಕ್ ಸಂಗೀತದ ವಿಷಯವಾಗಿ ಮಾತನಾಡಲು ಯಾವ ಅಧಿಕಾರವಿದೆ ಎಂದು ತಾವು ಕೇಳಬಹುದು. ಇಂಗ್ಲಿಷಿನ ಆ ಮಾತಿಗೆ ಬಂಡೆ ಎಂದೂ ಅರ್ಥವಿದೆ, ತೂಗಾಡುವುದು ಎಂದೂ ಅರ್ಥವಿದೆ. ಸಂಗೀತಕ್ಕೆ ಆ ಹೆಸರು ಬಂದದ್ದು ಎರಡನೆಯ ಅರ್ಥದಿಂದ. ನಾನಾದರೋ ಮೊದಲನೆಯ ಅರ್ಥವನ್ನೇ ನಂಬಿ, ಏಕಶಿಲೆಯ ಬೆಟ್ಟದ ನೆರಳಿನಲ್ಲಿ ಬದುಕಿದವನೆಂಬ ಒಂದೇ ಯೋಗ್ಯತೆಯ ಮೇಲೆ, ಈ ಹೊತ್ತು ತಮ್ಮ ಮುಂದೆ ಕುಳಿತಿದ್ದೇನೆ.

ಯಾವ ಧ್ವನಿಮುದ್ರಣ ಕಂಪನಿಯ ಹಂಗಿಗೂ ಒಳಗಾಗದೆ, ತಮ್ಮ ಸಂಗೀತವನ್ನು ತಾವೇ ಕಟ್ಟಿ, ತಾವೇ ಮುದ್ರಿಸಿ, ತಾವೇ ಹೊರತರುವ ತರುಣರ ಗುಂಪೊಂದು ಬೆಂಗಳೂರಿನಲ್ಲಿ ಬೆಳೆದಿದೆ. ಒಂದು ಸಣ್ಣ ಕೋಣೆ, ಒಂದು ಕಂಪ್ಯೂಟರ್, ಒಂದು ಮೈಕು ಇದ್ದರೆ ಅವರ ಕಾರ್ಖಾನೆ ಸಿದ್ಧ. 2015ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ಹಾಡುಗಳು ಶುಕ್ರವಾರವೇ ಬಿಡುಗಡೆಯಾಗುವ ಪದ್ಧತಿ ಬಂದಿದೆ. ಹೀಗಾಗಿ ಲಕ್ಷ್ಮಿಯ ವಾರದಂದೇ ಸರಸ್ವತಿಯ ಮಕ್ಕಳು ತಮ್ಮ ಸರಕನ್ನು ಸಂತೆಗೆ ಇಳಿಸುತ್ತಾರೆ. ಲಕ್ಷ್ಮಿ ಮಾತ್ರ ಅವರ ಕಡೆಗೆ ಅಷ್ಟಾಗಿ ನೋಡುವುದಿಲ್ಲ. ಒಬ್ಬರು ಒಮ್ಮೆ ಕೇಳಿದ್ದಕ್ಕೆ ಬರುವ ಹಣ ಒಂದು ರೂಪಾಯಿಯ ಚೂರು ಮಾತ್ರ.

ಇದೆಲ್ಲ ನಗರದ ಮಾತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಿಗೂ ವಿದ್ಯುನ್ಮಾನ ಸಂಗೀತಕ್ಕೂ ಏನು ಸಂಬಂಧ ಎನ್ನುವವರು ಕೊರಟಗೆರೆಯ ಕಡೆ ಒಂದು ರಾತ್ರಿ ಕುರುಕ್ಷೇತ್ರ ನಾಟಕ ನೋಡಬೇಕು. ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ, ಪಕ್ಕದಲ್ಲಿ ತಬಲ, ಅದರ ಪಕ್ಕದಲ್ಲಿ ಈಗ ಕೀಬೋರ್ಡು ಮತ್ತು ರಿದಂ ಪ್ಯಾಡು. ತಯಾರಿಸಿದವರು ಯಾರೇ ಇರಲಿ, ನಮ್ಮ ಜನ ಆ ಕೀಬೋರ್ಡನ್ನು 'ಕ್ಯಾಸಿಯೊ' ಎಂದೇ ಕರೆಯುತ್ತಾರೆ. ಭೀಮ ಗದೆಯೆತ್ತಿದೊಡನೆ ಪ್ಯಾಡಿನಿಂದ ಸಿಡಿಲು ಹೊರಡುತ್ತದೆ. ದ್ರೌಪದಿಯ ಮೊರೆಗೆ ಕ್ಯಾಸಿಯೊ ಪಿಟೀಲಿನ ದನಿಯಲ್ಲಿ ಅಳುತ್ತದೆ. ಇದು ಪ್ರಯೋಗವೇ ಸಂಪ್ರದಾಯವೇ ಎಂದು ಅಲ್ಲಿ ಯಾರೂ ಚರ್ಚೆ ಮಾಡಿದಂತೆ ಕಾಣೆ.

ಇನ್ನು ಹಾರ್ಮೋನಿಯಂ. ಇಂದು ನಾಟಕದ ಜೀವವೇ ಆಗಿರುವ ಆ ವಾದ್ಯವನ್ನು 1940ರಲ್ಲಿ ಆಕಾಶವಾಣಿ ತನ್ನ ಬಾಗಿಲಿನಿಂದ ಆಚೆಗಿಟ್ಟಿತ್ತೆಂಬುದನ್ನು ಬಾನುಲಿಯ ಮುಂದೆಯೇ ಕುಳಿತು ಹೇಳುವುದರಲ್ಲಿ ಒಂದು ಸ್ವಾರಸ್ಯವಿದೆ. ಆಕ್ಷೇಪಣೆ ಪೂರ್ತಿ ಹುರುಳಿಲ್ಲದ್ದಲ್ಲ. ಹಾರ್ಮೋನಿಯಮ್ಮಿನ ಸ್ವರಗಳು ಅಚ್ಚು ಹಾಕಿದಂತೆ ನಿಂತಲ್ಲೇ ನಿಂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಜಾರುವುದು, ಗಮಕದಲ್ಲಿ ಬಳುಕುವುದು ಅದಕ್ಕೆ ಒಲಿಯದು. 1971ರಲ್ಲಿ ಬಾಗಿಲು ಅರ್ಧ ತೆರೆಯಿತು. ನಡುವಿನ ಆ ಮೂವತ್ತೊಂದು ವರ್ಷಗಳಲ್ಲಿ ಗುಬ್ಬಿ ಕಂಪನಿಯ ಈ ಜಿಲ್ಲೆ ಹಾರ್ಮೋನಿಯಮ್ಮನ್ನು ಕೈಬಿಡಲಿಲ್ಲ. ಆದರೂ ಆ ಆಕ್ಷೇಪಣೆಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಅದು ಬೇಕಾಗುತ್ತದೆ.

ಯಂತ್ರದಿಂದ ನಾದ ಹೊರಡಿಸುವ ಕೆಲಸ ನಮ್ಮ ದೇಶದಲ್ಲಿ ತಡವಾಗಿಯೇನೂ ಆರಂಭವಾಗಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೋಗ್ ಸಿಂಥಸೈಸರ್ ಎಂಬ ಯಂತ್ರವನ್ನು ನಿಲ್ಲಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅದರ ಮುಂದೆ ಕುಳಿತು ಮಾಡಿದ ರಚನೆಗಳ ಟೇಪುಗಳು ಕಪಾಟಿನಲ್ಲಿ ಬಹುಕಾಲ ಮಲಗಿದ್ದವು. ಅವು ತಟ್ಟೆಯಾಗಿ ಹೊರಬಂದದ್ದು 2023ರಲ್ಲಿ. ಅರ್ಧ ಶತಮಾನದ ಹಿಂದಿನದನ್ನು ಹೊಸ ಬಿಡುಗಡೆ ಎಂದು ಕೇಳುವ ಯೋಗ ನಮ್ಮದಾಯಿತು. ಮುಂಬಯಿಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿದ ತಟ್ಟೆಯದೂ ಇದೇ ಕಥೆ. ಆಗ ಕೇಳಿದವರು ವಿರಳ. 2010ರಲ್ಲಿ ಮರುಮುದ್ರಣವಾದ ಮೇಲೆ ಅದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ನಮ್ಮ ಬೆಂಗಳೂರಿನಲ್ಲೇ ಜಿ. ರಾಜ್ ನಾರಾಯಣರು 1970ರ ದಶಕದಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಕಚೇರಿಯ ವೇದಿಕೆಯಲ್ಲಿ ಆ ಪೆಟ್ಟಿಗೆಯನ್ನು ಕಂಡು ಹುಬ್ಬೇರಿಸುವವರಿಲ್ಲ.

ಈಚಿನ ಬೆಂಗಳೂರಿನ ತಂಡಗಳ ಬಗ್ಗೆ ಒಂದೆರಡು ಮಾತು. ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರು ಗಿಟಾರಿನ ಜೊತೆಗೆ ಸಲೀಸಾಗಿ ನಡೆದರು. ಸ್ವರಾತ್ಮ ತಂಡ 2009ರಲ್ಲಿ ತನ್ನ ಮೊದಲ ಆಲ್ಬಮ್ಮನ್ನು ತಂದಿತು. ಅಗಂ ತಂಡ 2012ರಲ್ಲಿ ಕರ್ನಾಟಕ ಸಂಗೀತವನ್ನು ರಾಕ್‌ನ ಅಬ್ಬರದೊಳಗೆ ನಿಲ್ಲಿಸಿತು. ಅದೇ ವರ್ಷ ಸಲ್ಕ್ ಸ್ಟೇಷನ್ ಎಂಬ ಇಬ್ಬರ ತಂಡ, ಹಿಂದೂಸ್ತಾನಿ ಕಲಿತ ಕಂಠವನ್ನು ಮಂದಗತಿಯ ಯಂತ್ರನಾದದಲ್ಲಿ ಮುಳುಗಿಸಿ ತೇಲಿಸಿತು. ನನಗೆ ಇವುಗಳಲ್ಲಿ ಕೊನೆಯದೇ ಹೆಚ್ಚು ಹಿಡಿಸಿತು. ಅಬ್ಬರ ಸುಲಭ, ಕಂಠದ ಸುತ್ತ ಅಷ್ಟು ಜಾಗವನ್ನು ಖಾಲಿ ಬಿಡುವುದಕ್ಕೆ ಧೈರ್ಯ ಬೇಕು.

ನನ್ನ ತಂಗಿಯ ಮಗನೊಬ್ಬ ಈ ಪಂಗಡಕ್ಕೆ ಸೇರಿದವನು. ಹಗಲು ಕಚೇರಿ, ಇರುಳು ಯಂತ್ರನಾದ. "ಮಾವ, ಸಿಂಥಸೈಸರ್‌ನಲ್ಲಿ ಮಾಡೋಕೆ ಆಗದ ಶಬ್ದ ಯಾವುದಾದರೂ ನಿಮ್ಮ ಕಡೆ ಇದೆಯಾ?" ಎಂದು ಅವನು ಕೇಳಿದ. ನಾನು ಅವನನ್ನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಕರೆದೊಯ್ದು ಗಣೆ ಕೇಳಿಸಿದೆ.

ಗಣೆ ಎಂದರೆ ಆಳೆತ್ತರಕ್ಕೆ ಸಮೀಪವಾದ ಬಿದಿರಿನ ಕೊಳಲು. ಕಾಡುಗೊಲ್ಲರ ವೀರನೂ ದೈವವೂ ಆದ ಜುಂಜಪ್ಪನ ಕಾವ್ಯವನ್ನು ಹಾಡುವವರ ವಾದ್ಯ ಅದು. ಶಿರಾ ಸೀಮೆಯ ಕಳುವರಹಳ್ಳಿಯಲ್ಲಿರುವ ಜುಂಜಪ್ಪನ ಗುಡ್ಡೆಗೆ ಒಕ್ಕಲುಗಳು ದೂರದಿಂದ ಬರುತ್ತಾರೆ. ವೇಣುವಾದನದ ಇಂಪನ್ನು ನಿರೀಕ್ಷಿಸಿ ಗಣೆಗೆ ಕಿವಿಗೊಟ್ಟವರು ಮೊದಲು ಬೆಪ್ಪಾಗುತ್ತಾರೆ. ಅದರಲ್ಲಿ ಸ್ವರದಷ್ಟೇ ಉಸಿರೂ ಕೇಳಿಸುತ್ತದೆ. ಹಾಡಿನ ಸಾಲು ಎಲ್ಲಿ ನಿಂತಿತೋ ಅಲ್ಲಿಂದ ಗಣೆ ಎತ್ತಿಕೊಂಡು, ಬಯಲಿನ ಗಾಳಿ ಹಳ್ಳಕ್ಕೆ ಇಳಿಯುವಂತೆ ಇಳಿಯುತ್ತದೆ. ಅದರ ಸ್ವರಸ್ಥಾನಗಳು ಪೆಟ್ಟಿಗೆಯ ಮನೆಗಳಿಗೆ ಹೊಂದುವುದಿಲ್ಲ. ಬಿದಿರು ಎಲ್ಲಿ ಒಪ್ಪಿತೋ ಅಲ್ಲಿ ಅದರ ಸ್ವರ.

ಹಟ್ಟಿಯ ಹಿರಿಯರು ನುಡಿಸಿದರು, ಹಾಡಿದರು. ಕಥೆಯ ಒಂದು ಭಾಗವನ್ನು ಕೇಳಿದಾಗ "ಅದು ಈ ಹೊತ್ತಿನದಲ್ಲ" ಎಂದು ತಲೆಯಾಡಿಸಿದರು. ಹುಡುಗ ಒತ್ತಾಯ ಮಾಡಲಿಲ್ಲ. ಯಂತ್ರವನ್ನು ಮಡಚುವಾಗ ಅವರು ಕೇಳಿದ ಪ್ರಶ್ನೆ ಒಂದೇ: "ಅಲ್ಲ ಕಣಪ್ಪಾ, ಇದ್ರಾಗೆ ನಮ್ಮೆಸ್ರು ಬತ್ತೈತಾ?"

ಶ್ರೋತೃಗಳೇ, ಈ ಪ್ರಶ್ನೆಯ ಭಾರ ತಿಳಿಯಬೇಕಾದರೆ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳವರೆಗೆ ಒಮ್ಮೆ ಹೋಗಿಬರಬೇಕು. ಅಲ್ಲಿಯ ಮಲೈಟಾ ದ್ವೀಪದಲ್ಲಿ ಅಫುನಕ್ವಾ ಎಂಬ ಹೆಂಗಸು ಹಾಡಿದ ಜೋಗುಳವನ್ನು ಹ್ಯೂಗೋ ಜೆಂಪ್ ಎಂಬ ವಿದ್ವಾಂಸರು 1970ರ ಸುಮಾರಿಗೆ ಧ್ವನಿಮುದ್ರಿಸಿದರು. ಅದು ಯುನೆಸ್ಕೋ ಮಾಲೆಯಲ್ಲಿ ಪ್ರಕಟವೂ ಆಯಿತು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ತಂಡ ಆ ಕಂಠವನ್ನು ಎತ್ತಿ, ಯಂತ್ರದ ತಾಳದ ಮೇಲಿರಿಸಿ ಹಾಡೊಂದನ್ನು ಮಾಡಿತು. ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಹಾಡಿದವಳ ಹೆಸರು ಹಿಂದೆ ಉಳಿಯಿತು. ಇನ್ನೊಂದು ಸೋಜಿಗವೆಂದರೆ, ಮುಂದೆ ಅದೇ ರಾಗವನ್ನು ಬಳಸಿಕೊಂಡ ನಾರ್ವೆಯ ಸ್ಯಾಕ್ಸೊಫೋನ್ ವಾದಕರೊಬ್ಬರ ಆಲ್ಬಮ್ಮಿನಲ್ಲಿ ಅದು ಆಫ್ರಿಕದ ಪಿಗ್ಮಿಗಳ ಜೋಗುಳವೆಂಬ ಹೆಸರು ಹೊತ್ತಿತು. ಹೆಸರು ಕಳೆದುಕೊಂಡ ಹಾಡು ಊರನ್ನೂ ಕಳೆದುಕೊಂಡಿತು, ಸಮುದ್ರವನ್ನೂ ಕಳೆದುಕೊಂಡಿತು.

ಜನಪದ ಹಾಡು ಎಲ್ಲರದು, ಅದಕ್ಕೆ ಒಡೆಯರಿಲ್ಲ, ಯಾರಾದರೂ ಬಳಸಬಹುದು ಎಂಬ ಮಾತು ನಮ್ಮಲ್ಲಿ ತುಂಬ ಉದಾರವಾಗಿ ಕೇಳಿಬರುತ್ತದೆ. ಹೇಳುವವರು ಹೆಚ್ಚಾಗಿ ಬಳಸುವವರೇ. ಕಾನೂನು ಅಷ್ಟು ಉದಾರವಾಗಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಎಂಬುದು ಸೇರಿತು. ಜುಂಜಪ್ಪನ ಕಾವ್ಯವನ್ನು ಯಾರು ಕಟ್ಟಿದರೆಂದು ಹೇಳಲಾಗದಿದ್ದರೂ ಈ ಸಂಜೆ, ಈ ಹಟ್ಟಿಯಲ್ಲಿ, ಈ ಉಸಿರಿನಿಂದ ನುಡಿಸಿದವರು ಯಾರೆಂದು ಹೇಳಬಹುದಷ್ಟೆ! ಆ ನುಡಿಸಾಣಿಕೆಯ ಮೇಲೆ ಅವರಿಗೆ ಐವತ್ತು ವರ್ಷಗಳ ಹಕ್ಕಿದೆ. ಅವರ ಒಪ್ಪಿಗೆಯಿಲ್ಲದೆ ಅದನ್ನು ಮುದ್ರಿಸಿ ಮಾರುವಂತಿಲ್ಲ. 2012ರ ತಿದ್ದುಪಡಿ, ವಾಣಿಜ್ಯಕ್ಕಾಗಿ ಬಳಸಿದಾಗ ಗೌರವಧನ ಪಡೆಯುವ ದಾರಿಯನ್ನೂ ಮಾಡಿತು. ಇದು ಹಟ್ಟಿಗಳಿಗೆ ತಿಳಿದಿಲ್ಲವೆನ್ನುವುದು ಅಷ್ಟು ಆಶ್ಚರ್ಯವಲ್ಲ. ಮೈಕು ಹಿಡಿದು ಬರುವ ಪದವೀಧರರಿಗೂ ತಿಳಿದಿಲ್ಲವೆನ್ನುವುದು ಆಶ್ಚರ್ಯ. ನೆರೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳನ್ನು ಸಂಗ್ರಹಿಸಿದ ಕೃಷ್ಣಮೂರ್ತಿ ಹನೂರರು ಅಜ್ಜಿಯನ್ನು ಹೆಸರಿಲ್ಲದ 'ಜನಪದ'ವಾಗಲು ಬಿಡಲಿಲ್ಲ. ಪುಸ್ತಕದಲ್ಲಿ ಸಾಧ್ಯವಾದದ್ದು ಧ್ವನಿಯಲ್ಲಿ ಏಕೆ ಆಗಬಾರದು?

ಹುಡುಗ ಬೆಂಗಳೂರಿಗೆ ಹಿಂದಿರುಗಿ, ಮೂರು ವಾರ ಕಳೆದ ಮೇಲೆ ರಚನೆಯನ್ನು ಕಳುಹಿಸಿದ. ಹನ್ನೊಂದು ನಿಮಿಷದ್ದು. ಕೆಳಗೆ ಗಂಭೀರವಾದ ಯಂತ್ರಶ್ರುತಿ, ನಡುವೆ ಗಿಟಾರಿನ ಗುಡುಗು, ಮೇಲೆ ಗಣೆ. ಕೇಳುವುದಕ್ಕೆ ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟೇ ನನಗೆ ಸಂಶಯ ಹುಟ್ಟಿಸಿತು. ವಿಚಾರಿಸಿದಾಗ, ಸ್ವರಗಳನ್ನು ತಿದ್ದುವ ಸಾಧನದಿಂದ ಗಣೆಯ ಒಂದೊಂದು ಸ್ವರವನ್ನೂ ಕೀಬೋರ್ಡಿನ ಮನೆಗಳಿಗೆ ಎಳೆದು ಕೂರಿಸಿದ್ದನೆಂದು ತಿಳಿಯಿತು. ಗಾಯಕರ ಅಪಸ್ವರವನ್ನು ಮುಚ್ಚಲೆಂದು 1997ರಿಂದ ಪ್ರಚಾರಕ್ಕೆ ಬಂದ ವಿದ್ಯೆ ಇದು. "ಗಣೆಯನ್ನು ಹಾರ್ಮೋನಿಯಂ ಮಾಡಿಬಿಟ್ಟೆಯಲ್ಲೋ" ಎಂದೆ. 1940ರ ಕಥೆಯನ್ನು ಅವನಿಗೂ ಹೇಳಿದೆ. ಮಾರ್ದನಿಸಲು ಅವನಿಗೆ ಎರಡು ದಿನ ಹಿಡಿಯಿತು.

ಎರಡನೆಯ ಸಲ ಅವನು ಕೆಲಸವನ್ನು ತಿರುವುಮುರುವು ಮಾಡಿದ. ಗಣೆಯನ್ನು ಮುಟ್ಟದೆ, ತನ್ನ ಯಂತ್ರದ ಶ್ರುತಿಯನ್ನೇ ಗಣೆಗೆ ಹೊಂದಿಸಿಕೊಂಡ. ಹಾರ್ಮೋನಿಯಮ್ಮಿಗೆ ಆಗದ ಈ ಕೆಲಸ ಯಂತ್ರನಾದಕ್ಕೆ ಸುಲಭ. ಅದರ ಸ್ವರ ಎಷ್ಟು ಬೇಕೋ ಅಷ್ಟು ಏರುತ್ತದೆ, ಇಳಿಯುತ್ತದೆ, ಜಾರುತ್ತದೆ. ಕಳೆದ ತಲೆಮಾರಿನ ಪಂಡಿತರು ಯಂತ್ರಕ್ಕೆ ಬೇಡಿದ ಗುಣವನ್ನು ಇಂದಿನ ಯಂತ್ರ ಪಡೆದುಕೊಂಡಿದೆ. ಬಳಸುವವನಿಗೆ ಕಿವಿ ಇರಬೇಕು. ಗಿಟಾರನ್ನು ಮಾತ್ರ ಅವನು ಬಿಡಲೊಲ್ಲ. ಏಳನೆಯ ನಿಮಿಷದಲ್ಲಿ ಅದು ಅನಾವಶ್ಯಕವಾಗಿ ಗರ್ಜಿಸುತ್ತದೆಂಬುದು ನನ್ನ ಅಭಿಪ್ರಾಯ. ವಯಸ್ಸಿನ ಅಂತರದ ಲೆಕ್ಕದಲ್ಲಿ ಅದನ್ನು ಬರೆದುಕೊಂಡಿದ್ದೇವೆ. ಗಿಟಾರಿಗೂ ಯಂತ್ರಕ್ಕೂ ಬೇಕಾದ ವಿದ್ಯುತ್ತಿನಲ್ಲಿ ಒಂದು ಪಾಲಾದರೂ ನಮ್ಮ ಪಾವಗಡದ ಬಿಸಿಲಿನದು ಎಂಬ ಸಮಾಧಾನ ನನಗಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದ ಸೌರ ಫಲಕಗಳ ಸಾಮರ್ಥ್ಯ 2,050 ಮೆಗಾವಾಟ್.

ಬಿಡುಗಡೆಗೆ ಮೊದಲು ಹಟ್ಟಿಗೆ ಹೋಗಿ ಹಿರಿಯರಿಗೆ ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಹನ್ನೊಂದು ನಿಮಿಷವೂ ಕೇಳಿದರು. ಗುಡುಗಿನ ಬಗ್ಗೆ ಏನೂ ಹೇಳಲಿಲ್ಲ. "ಆವತ್ತು ನಮ್ಮ ನಾಯಿ ಬೊಗಳಿತ್ತಲ್ಲ, ಅದು ಎಲ್ಲೋಯ್ತು?" ಎಂದರು. ಸದ್ದನ್ನು ಶುದ್ಧಿಮಾಡುವಾಗ ಹುಡುಗ ಅದನ್ನು ತೆಗೆದುಹಾಕಿದ್ದ. ಈಗ ಎರಡು ಬೊಗಳು ಮತ್ತೆ ತಮ್ಮ ಜಾಗದಲ್ಲಿವೆ. ಬರುವ ಹಣದಲ್ಲಿ ಸಮಪಾಲು ಎಂದು ಕಾಗದವಾಯಿತು. ಬಂದೀತೆಂಬ ಭ್ರಮೆ ಇಬ್ಬರಿಗೂ ಇಲ್ಲ. ಆದರೂ ಕಾಗದ ಕಾಗದವೇ. ಹೆಸರಿನ ಜಾಗದಲ್ಲಿ ಮೊದಲು ಅವರ ಹೆಸರು, ಅದರ ಮುಂದೆ ಹಟ್ಟಿಯ ಹೆಸರು, ಆಮೇಲೆ ಹುಡುಗನದು.

ಹೊರತರುವ ಮುನ್ನ ತುಂಬಬೇಕಾದ ನಮೂನೆಯಲ್ಲಿ ಒಂದು ತೊಡಕು ಬಂತು. ಇದು ಯಾವ ಜಾತಿಯ ಸಂಗೀತ ಎಂದು ಅದು ಕೇಳುತ್ತದೆ: ವಿದ್ಯುನ್ಮಾನವೋ, ಪ್ರಾಯೋಗಿಕವೋ, ರಾಕೋ, ಜಾನಪದವೋ? ಒಂದನ್ನು ಗುರುತು ಹಾಕಲೇಬೇಕು. ಹುಡುಗ ನನ್ನನ್ನು ಕೇಳಿದ; ನಾನು ಫೋನಿನಲ್ಲಿ ಹಿರಿಯರನ್ನು ಕೇಳಿದೆ.

"ಜುಂಜಪ್ಪಂದು ಅಂತ ಬರ್ಸಿ ಸಾಮಿ" ಎಂದರು. ಆ ಪಟ್ಟಿಯಲ್ಲಿ ಅದಿಲ್ಲ. ಹುಡುಗ 'ಪ್ರಾಯೋಗಿಕ' ಎಂಬುದಕ್ಕೆ ಗುರುತು ಹಾಕಿ, ಜುಂಜಪ್ಪನನ್ನು ಶೀರ್ಷಿಕೆಗೆ ಏರಿಸಿದ.