ಪಾರ್ಕಿನ ಬೆಂಚು ಯಾರದು?

(ಕಾಪುವಿನ ಒಂದು ಕಾಲನಿಯ ಸಂಜೆ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇವೆ.)



ಈ ಸಲ ಪಾರ್ಕಿನ ಬಗ್ಗೆ ಮಾತಾಡುವ ಅಂತ ನಾವು ಹೇಳಿದಾಗ ಹಿರಿಯರೊಬ್ಬರು ನಕ್ಕರು. "ಮನೆ ಅಡಿಯ ಜಾಗಕ್ಕೆ ಹಕ್ಕುಪತ್ರ ಆಗಲಿಲ್ಲ, ಹೆಣ ಸುಡಲಿಕ್ಕೆ ಜಾಗ ಕೇಳಿ ಕೇಳಿ ಚಪ್ಪಲಿ ಸವೆಯಿತು, ಈ ಮಕ್ಕಳಿಗೆ ಪಾರ್ಕು ಬೇಕಂತೆ ಮಾರಾಯ್ರೆ" ಅಂದರು. ಅವರ ನಗುವಿನೊಳಗೆ ಸಿಟ್ಟು ಇತ್ತು. ಆ ಸಿಟ್ಟಿನಲ್ಲಿ ನ್ಯಾಯವೂ ಇತ್ತು. ಹಾಗಾಗಿ ಮೊದಲು ಅವರಿಗೇ ಉತ್ತರ ಹೇಳುತ್ತೇವೆ.

ಅಜ್ಜ, ಬಂಗಲೆ ಇರುವವನಿಗೆ ಅಂಗಳ ಉಂಟು, ತೋಟ ಉಂಟು, ಮಾಳಿಗೆ ಮೇಲೆ ಗಾಳಿ ಉಂಟು. ಅವನಿಗೆ ಪಾರ್ಕು ಅಂದರೆ ಶೋಕಿ. ನಮ್ಮಲ್ಲಿ ಎರಡು ಕೋಣೆಗೆ ಆರು ಜನ. ಏಪ್ರಿಲ್, ಮೇ ತಿಂಗಳಲ್ಲಿ ಶೀಟಿನ ಮಾಡು ಕಾದು ಒಳಗೆ ಕೂರಲಿಕ್ಕೆ ಆಗುವುದಿಲ್ಲ. ಮಕ್ಕಳು ಓಡಿ ಆಡಬೇಕಾದರೆ ರಸ್ತೆಗೇ ಓಡಬೇಕು. ಓದುವ ಹುಡುಗಿಗೆ ಸದ್ದಿಲ್ಲದ ಒಂದು ಮೂಲೆ ಇಲ್ಲ. ಸಕ್ಕರೆ ಕಾಯಿಲೆ ಬಂದ ಅಮ್ಮನಿಗೆ ಡಾಕ್ಟ್ರು "ದಿನಾ ಅರ್ಧ ಗಂಟೆ ನಡೆಯಿರಿ" ಅಂತ ಚೀಟಿ ಬರೆದು ಕೊಡುತ್ತಾರೆ. ಎಲ್ಲಿ ನಡೆಯಬೇಕು ಅಂತ ಬರೆಯುವುದಿಲ್ಲ. ಹೈವೇ ಬದಿಯಲ್ಲಿ ನಡೆದರೆ ಕಾಯಿಲೆಗಿಂತ ಮೊದಲು ಟಿಪ್ಪರ್ ಕೊಲ್ಲುತ್ತದೆ. ಮನೆ ಸಣ್ಣದಾದಷ್ಟೂ ಹೊರಗಿನ ಜಾಗದ ಅಗತ್ಯ ದೊಡ್ಡದಾಗುತ್ತದೆ. ಪಾರ್ಕು ಉಳ್ಳವರ ಶೋಕಿ ಅಂತ ನಾವೇ ಬಿಟ್ಟುಕೊಟ್ಟರೆ ನಮ್ಮ ಪಾಲನ್ನೂ ಅವರಿಗೇ ಬಿಟ್ಟುಕೊಟ್ಟ ಹಾಗೆ.

ಈಗ ನಮ್ಮದೇ ಒಂದು ಅನುಭವ. ಹೋದ ಬೇಸಿಗೆಯಲ್ಲಿ ನಾವು ಏಳೆಂಟು ಜನ ಗೆಳೆಯ ಗೆಳತಿಯರು ನಮ್ಮ ಕಡೆಯ ಒಂದು ಪಟ್ಟಣದ ಪಾರ್ಕಿಗೆ ಹೋಗಿದ್ದೆವು. ಯಾವ ಪಾರ್ಕು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದವೆಲ್ಲ ಒಳ್ಳೆಯವು ಅಂತ ಆಗುತ್ತದೆ. ಕೈಯಲ್ಲಿ ಎರಡು ಡೋಲು ಇತ್ತು. ಮರದ ಕೆಳಗೆ ಕೂತು ಹಾಡು ಅಭ್ಯಾಸ ಮಾಡುವ ಅಂತ ಹೋದದ್ದು. ಕೂತು ಐದು ನಿಮಿಷ ಆಗಲಿಲ್ಲ, ವಾಚ್‌ಮನ್ ಬಂದ. "ಇಲ್ಲಿ ಇದೆಲ್ಲ ಬೇಡ, ವಾಕಿಂಗಿಗೆ ಬರುವವರು ಕಂಪ್ಲೇಂಟ್ ಮಾಡ್ತಾರೆ" ಅಂದ. ಅವನ ಮುಖ ನೋಡಿದರೆ ನಮ್ಮ ಪಕ್ಕದ ಕಾಲನಿಯವನೇ. ಗುತ್ತಿಗೆ ಕೆಲಸ. ಅವನ ಹತ್ತಿರ ಜಗಳ ಮಾಡಿ ಎಂತ ಮಾಡುವುದು? ಅವನ ಬಾಯಲ್ಲಿ ಮಾತಾಡಿದವರು ಬೇರೆ. ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ನಾಲ್ಕು ಜನ ಫೋನಿನಲ್ಲಿ ಜೋರಾಗಿ ಹಾಡು ಹಾಕಿ ವ್ಯಾಯಾಮ ಮಾಡುತ್ತಿದ್ದರು. ಅವರ ಹಾಡಿಗೆ ಕಂಪ್ಲೇಂಟ್ ಇರಲಿಲ್ಲ.

ಹೊರಗೆ ಬರುವಾಗ ಟಾಯ್ಲೆಟ್ಟಿನ ಹಿಂದೆ ಗೋಡೆಗೆ ಒರಗಿ ಒಬ್ಬರು ಅಕ್ಕ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಆ ಪಾರ್ಕು ಗುಡಿಸುವವರು. ಎದುರಿಗೆ ಐದಾರು ಬೆಂಚು ಖಾಲಿ ಇತ್ತು, ನೆರಳೂ ಇತ್ತು. "ಅಕ್ಕ, ಬೆಂಚಿನಲ್ಲಿ ಕೂತು ಉಣ್ಣಬಹುದಲ್ಲ?" ಅಂತ ಕೇಳಿದೆವು. ಅವರು ನಮ್ಮನ್ನು ಮಕ್ಕಳನ್ನು ನೋಡಿದ ಹಾಗೆ ನೋಡಿ, "ಅದು ಬರುವವರಿಗೆ ಅಲ್ಲವಾ ಮಗ?" ಅಂದರು.

ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಪಾರ್ಕಿಗೆ ಬರುವವರು ಅವರೇ. ಆದರೆ "ಬರುವವರು" ಅಂದರೆ ಅವರಲ್ಲ. ಯಾರೂ ಬೋರ್ಡು ಹಾಕಿಲ್ಲ, ಯಾರೂ ಬೈದಿಲ್ಲ. ಆದರೂ ಅವರ ಕಾಲಿಗೆ ಗೊತ್ತು ಎಲ್ಲಿ ನಿಲ್ಲಬೇಕು ಅಂತ. ಸಾವಿರಾರು ವರ್ಷದ ಪಾಠ ಅದು. ಆ ದಿನ ನಾವು ಬಿ.ಎ. ಪಾಸಾದವರೆಲ್ಲ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆವು. ಆಮೇಲೆ ಪುಸ್ತಕ ತೆರೆದು ನೋಡಿದೆವು.

1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಬೋಲೆಯವರ ಠರಾವು ಪಾಸಾಯಿತು. ಸಾರ್ವಜನಿಕ ಹಣದ ಕೆರೆ, ಬಾವಿ, ಛತ್ರ, ಶಾಲೆ ಅಸ್ಪೃಶ್ಯರಿಗೂ ಸೇರಿದ್ದು ಅಂತ. 1924ರಲ್ಲಿ ಮಹಾಡದ ಪುರಸಭೆ ತನ್ನ ಚೌದಾರ್ ಕೆರೆಯೂ ಎಲ್ಲರಿಗೂ ಮುಕ್ತ ಅಂತ ಬರೆದುಕೊಂಡಿತು. ಕಾಗದದಲ್ಲಿ ಕೆರೆ ತೆರೆಯಿತು, ನೀರಿನಲ್ಲಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಆಮೇಲೆ ನಮ್ಮವರಿಗೆ ಪೆಟ್ಟು ಬಿತ್ತು. ಸೆಗಣಿ ಗಂಜಲ ಸುರಿದು ಕೆರೆಯನ್ನು "ಶುದ್ಧ" ಮಾಡಿದರು. ಆದರೂ ಆ ಕೆರೆ ನಿಜವಾಗಿ ಸಾರ್ವಜನಿಕ ಆದದ್ದು ಠರಾವಿನ ದಿನ ಅಲ್ಲ, ಜನ ನಡೆದ ದಿನ.

ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿಯೂ 1924ರಲ್ಲೇ ರೆಟ್ಟಮಲೈ ಶ್ರೀನಿವಾಸನ್ ಅವರು ರಸ್ತೆ, ಬಾವಿ, ಸಾರ್ವಜನಿಕ ಜಾಗಗಳು ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿಸಿದರು. 1950ರಲ್ಲಿ ಸಂವಿಧಾನ ಜಾರಿಗೆ ಬಂತು. ಅದರ 15ನೇ ವಿಧಿಯ ಎರಡನೇ ಭಾಗ ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಸಾರ್ವಜನಿಕ ಜಾಗ, ಇವುಗಳಿಂದ ಜಾತಿಯ ಕಾರಣಕ್ಕೆ ಯಾರನ್ನೂ ದೂರ ಇಡುವ ಹಾಗಿಲ್ಲ ಅಂತ ಉಂಟು. ಜನ ಸೇರುವ ಸಾರ್ವಜನಿಕ ಜಾಗ ಅಂದರೆ ಪಾರ್ಕೂ ಬಂತು. ಅಂದರೆ ಆ ಅಕ್ಕನ ಬೆಂಚು ಸಂವಿಧಾನದಲ್ಲಿ ಉಂಟು. ಪಾರ್ಕಿನಲ್ಲಿ ಮಾತ್ರ ಇನ್ನೂ ಸಿಕ್ಕಿಲ್ಲ.

ಉಡುಪಿಗೆ ಬನ್ನಿ. ಅಜ್ಜರಕಾಡಿನಲ್ಲಿ ಭುಜಂಗ ಪಾರ್ಕು ಉಂಟು. 1934ರ ಫೆಬ್ರವರಿಯಲ್ಲಿ ಗಾಂಧಿಯವರು ತಮ್ಮ ಹರಿಜನ ಯಾತ್ರೆಯಲ್ಲಿ ಬಂದು ಅದೇ ಅಜ್ಜರಕಾಡಿನಲ್ಲಿ ಮಾತಾಡಿದ್ದರು. ನಮಗೆ ಅವರ ಹತ್ತಿರ ಬೇಕಾದಷ್ಟು ತಕರಾರು ಉಂಟು. ಆದರೆ ಅಸ್ಪೃಶ್ಯತೆಯ ವಿರುದ್ಧ ಮಾತು ಕೇಳಿದ ನೆಲ ಅದು ಅನ್ನುವುದನ್ನು ಮರೆಯುವ ಹಾಗಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು 1960ರ ದಶಕದ ಕೊನೆಯಲ್ಲೇ ನಿಲ್ಲಿಸಿದ ಊರು ಅಂತ ಉಡುಪಿಯವರು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯದು. ತಲೆಯ ಮೇಲಿನ ಬಕೆಟ್ಟು ಇಳಿಸಿದ ಊರಿಗೆ, ಕೂರಲಿಕ್ಕೆ ಬೆಂಚು ತೋರಿಸುವುದು ಕಷ್ಟವಾ?

ಮಣಿಪಾಲಕ್ಕೆ ಹೋಗಿ. ಮುರಕಲ್ಲಿನ ಬೋಳುಗುಡ್ಡ. 1953ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಬಂತು, ಗುಡ್ಡ ಪಟ್ಟಣವಾಯಿತು. ಗುಡ್ಡದ ತುದಿಯಲ್ಲಿ ಎಂಡ್ ಪಾಯಿಂಟ್ ಉಂಟು, ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಈಚೆಗೆ ಮಣ್ಣಪಳ್ಳ ಕೆರೆ, ಸುತ್ತ ನಡೆಯುವ ದಾರಿ. ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಆ ಊರಿನ ಕಟ್ಟಡ ಕಟ್ಟಿದ ಬಾಗಲಕೋಟೆ, ಕೊಪ್ಪಳ, ಗದಗದ ಕೂಲಿಯವರು ಭಾನುವಾರ ಎಲ್ಲಿ ಕೂರುತ್ತಾರೆ? ನೋಡಿ, ಅಂಗಡಿ ಮೆಟ್ಟಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಅವರ ಮಕ್ಕಳು ಜಲ್ಲಿ ರಾಶಿಯ ಮೇಲೆ ಆಡುತ್ತಾರೆ.

ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟ ಉಂಟು, ಆನೆಕೆರೆ ಉಂಟು, ಕೋಟಿ ಚೆನ್ನಯರ ಹೆಸರಿನ ಥೀಮ್ ಪಾರ್ಕು ಉಂಟು. 2023ರ ಜನವರಿಯಲ್ಲಿ ಬೈಲೂರಿನ ಬೆಟ್ಟದ ಮೇಲೆ ಪರಶುರಾಮ ಥೀಮ್ ಪಾರ್ಕು ಉದ್ಘಾಟನೆ ಆಯಿತು. ಆಮೇಲೆ ವಿಗ್ರಹ ಕಂಚಿನದ್ದಾ ಅಲ್ಲವಾ ಅಂತ ದೊಡ್ಡ ಗಲಾಟೆ ಎದ್ದಿತು. ವಿಗ್ರಹ ಯಾವುದರದ್ದು ಅಂತ ಊರೆಲ್ಲ ಕೇಳಿತು. ಬೆಟ್ಟ ಹತ್ತಲಿಕ್ಕೆ ಬಸ್ ಚಾರ್ಜು ಇಲ್ಲದ ಕಾಲನಿಯ ಮಗು ಎಲ್ಲಿ ಆಡುತ್ತದೆ ಅಂತ ಯಾರೂ ಕೇಳಲಿಲ್ಲ.

ಇನ್ನು ನಮ್ಮ ಕಾಪು. ಕಡಲಿಗೆ ಗೇಟು ಹಾಕಲಿಕ್ಕೆ ಯಾವ ಜಾತಿಯವನಿಗೂ ಆಗಲಿಲ್ಲ. 1901ರ ದೀಪಸ್ತಂಭ ಎಲ್ಲರ ದೋಣಿಗೂ ಒಂದೇ ಬೆಳಕು ಕೊಡುತ್ತದೆ. ನಮ್ಮ ತಾಲೂಕಿನದೇ ಪಡುಬಿದ್ರಿಯ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅಂತ ವಿದೇಶದ ಬಾವುಟ ಸಿಕ್ಕಿತು. ಆ ಬಾವುಟ ಸಿಗಬೇಕಾದರೆ 33 ನಿಯಮ. ಶುದ್ಧ ನೀರು, ಟಾಯ್ಲೆಟ್ಟು, ಕಸದ ವ್ಯವಸ್ಥೆ, ಕಾಲು ಇಲ್ಲದವರಿಗೂ ಹೋಗಲಿಕ್ಕೆ ದಾರಿ. ಅಂದರೆ ಮನಸ್ಸು ಮಾಡಿದರೆ ಇದೆಲ್ಲ ಆಗುತ್ತದೆ. ಡೆನ್ಮಾರ್ಕಿನ ಬಾವುಟಕ್ಕೆ ಆದದ್ದು ನಮ್ಮ ಮಕ್ಕಳಿಗೆ ಯಾಕೆ ಆಗುವುದಿಲ್ಲ?

ಹಾಗಾದರೆ ನಮಗೆ ಎಂಥ ಪಾರ್ಕು ಬೇಕು? ದೊಡ್ಡ ಇಂಜಿನಿಯರುಗಳ ನಕ್ಷೆ ನಮಗೆ ಬರುವುದಿಲ್ಲ. ನಮ್ಮ ಕಾಲು, ನಮ್ಮ ಬೆನ್ನು, ನಮ್ಮ ಬಾಯಾರಿಕೆ ಹೇಳುವುದನ್ನು ಹೇಳುತ್ತೇವೆ.

ಒಂದು, ಹತ್ತಿರ ಬೇಕು. ಊರಿಗೊಂದು ದೊಡ್ಡ ಪಾರ್ಕು ಮಾಡಿ ಫೋಟೋ ತೆಗೆಯುವುದಕ್ಕಿಂತ ವಾರ್ಡಿಗೊಂದು ಸಣ್ಣದು ಇರಲಿ, ಅದರಲ್ಲಿ ಮೊದಲನೆಯದು ಕಾಲನಿಯ ಪಕ್ಕ ಇರಲಿ. ಮುದುಕಿ ಕೋಲು ಊರಿಕೊಂಡು ಹೋಗುವಷ್ಟು ದೂರ, ಅದಕ್ಕಿಂತ ಹೆಚ್ಚು ಬೇಡ. ಕೇಂದ್ರ ಸರ್ಕಾರದ 2014ರ ನಗರ ಯೋಜನೆಯ ಮಾರ್ಗಸೂಚಿಯೇ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು ಅನ್ನುತ್ತದೆ. ನಮ್ಮ ತಲೆಗೆ ಎಷ್ಟು ಬಂತು ಅಂತ ಅಳೆದು ತೋರಿಸಲಿ.

ಎರಡು, ನೆರಳು ಬೇಕು. ಹೊರಗಿನ ಹುಲ್ಲು ತಂದು ಹಾಸಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಿಟ್ಟು, "ಹುಲ್ಲಿನ ಮೇಲೆ ನಡೆಯಬೇಡಿ" ಅಂತ ಬೋರ್ಡು ಹಾಕುವ ಪಾರ್ಕು ನಮಗೆ ಬೇಡ. ಹಲಸು, ಮಾವು, ನೇರಳೆ, ರೆಂಜೆ, ಹೊನ್ನೆ ನೆಡಿ. ಬೇಲಿಗೆ ಕೇಪಳ ಸಾಕು. ಈ ಮರಗಳಿಗೆ ನಮ್ಮ ಮಳೆ ಗೊತ್ತು, ನಮ್ಮ ಸೆಕೆ ಗೊತ್ತು. ಮಕ್ಕಳಿಗೆ ಹಣ್ಣು, ಹಕ್ಕಿಗೆ ಹಣ್ಣು, ಕೂಲಿಯವನಿಗೆ ಮಧ್ಯಾಹ್ನದ ನಿದ್ದೆ.

ಮೂರು, ನೆಲಕ್ಕೆ ಉಸಿರು ಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೂ ಏಪ್ರಿಲಿಗೆ ಗುಡ್ಡದ ಬಾವಿಗಳು ಒಣಗುತ್ತವೆ. ಮುರಕಲ್ಲು ತೂತಿನ ಕಲ್ಲು, ಬಿಟ್ಟರೆ ನೀರು ಕುಡಿಯುತ್ತದೆ. ಅದರ ಮೇಲೆ ಸಿಮೆಂಟು, ಇಂಟರ್‌ಲಾಕ್ ಹಾಸಿದರೆ ನೀರು ಇಳಿಯದೆ ಓಡುತ್ತದೆ. ಓಡಿದ ನೀರು ಹೋಗಿ ನುಗ್ಗುವುದು ತಗ್ಗಿನ ಮನೆಗಳಿಗೆ. ತಗ್ಗಿನಲ್ಲಿ ಯಾರ ಮನೆ ಇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ನಾಲ್ಕು, ಕುಡಿಯುವ ನೀರಿನ ನಲ್ಲಿ, ಬೀಗ ಹಾಕದ ಟಾಯ್ಲೆಟ್ಟು, ಸಂಜೆಗೆ ದೀಪ. ಇವು ಇಲ್ಲದ ಪಾರ್ಕು ಗಂಡಸರ ಪಾರ್ಕು. ಗಾಲಿಕುರ್ಚಿಯವರಿಗೆ, ಕಣ್ಣು ಕಾಣದವರಿಗೆ ದಾರಿ ಬೇಕು. 2016ರ ಅಂಗವಿಕಲರ ಹಕ್ಕಿನ ಕಾಯ್ದೆ ಇರುವುದು ಅದಕ್ಕೇ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಒಪ್ಪಿಕೊಂಡದ್ದು ಇದನ್ನೇ: 2030ರೊಳಗೆ ಹೆಂಗಸರು, ಮಕ್ಕಳು, ಮುದುಕರು, ಅಂಗವಿಕಲರು, ಎಲ್ಲರಿಗೂ ಹಸಿರು ಜಾಗ. ಆ ಪಟ್ಟಿಗೆ ನಾವು ಒಂದು ಹೆಸರು ಸೇರಿಸುತ್ತೇವೆ, ಅದನ್ನು ಗುಡಿಸುವವರು.

ಐದು, ಚುರುಮುರಿ, ಕಡಲೆ, ಸೀಯಾಳ ಮಾರುವವರನ್ನು ಗೇಟಿನಿಂದ ಓಡಿಸಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಕೊಟ್ಟಿದೆ, ಸಮಿತಿಯಲ್ಲಿ ಕುರ್ಚಿಯನ್ನೂ ಕೊಟ್ಟಿದೆ.

ಆರು, ಡೋಲಿಗೂ ಜಾಗ ಬೇಕು. ಹಿಂದೆ ಕೊರಗರ ಕೈಯಲ್ಲಿ ಅಜಲು ಚಾಕರಿಗೆ ಡೋಲು ಬಡಿಸುತ್ತಿದ್ದರು. 2000ದ ಕಾಯ್ದೆ ಅಜಲನ್ನು ನಿಷೇಧಿಸಿತು. ಈಗ ಅದೇ ಡೋಲನ್ನು ನಮ್ಮ ಖುಷಿಗೆ, ನಮ್ಮ ಹಾಡಿಗೆ ಬಡಿಯುತ್ತೇವೆ ಅಂದರೆ ಕಂಪ್ಲೇಂಟು! ಕಳೆದುಹೋದ ವಸ್ತು ಸಿಗಲಿ ಅಂತ ಕೊರಗಜ್ಜನಿಗೆ ಚಕ್ಕುಲಿ, ಬೀಡ ಇಡುವ ಊರು, ಕೊರಗರ ಮಕ್ಕಳಿಗೆ ಒಂದು ಮರದ ನೆರಳು ಬಿಟ್ಟುಕೊಡಲಿ.

ಏಳನೆಯದು ಎಲ್ಲಕ್ಕಿಂತ ಮುಖ್ಯ. ಪಾರ್ಕಿನ ಹೆಸರಲ್ಲಿ ನಮ್ಮನ್ನು ಎಬ್ಬಿಸಬಾರದು. ಡಿ.ಸಿ. ಮನ್ನಾ ಜಾಗ ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆ ಅಂತಲೇ ತೆಗೆದಿಟ್ಟದ್ದು. ಅದರಲ್ಲಿ ಮೊದಲು ಮನೆ, ಆಮೇಲೆ ಮನೆಯವರಿಗೆ ಪಾರ್ಕು. ಅಜ್ಜ, ನಿಮ್ಮ ಹಕ್ಕುಪತ್ರದ ಹೋರಾಟವೂ ನಮ್ಮ ಪಾರ್ಕಿನ ಹೋರಾಟವೂ ಸೇರುವುದು ಇಲ್ಲಿ. ಎರಡೂ ನೆಲದ ಪ್ರಶ್ನೆ.

ಈಗ ಕೆಲಸದ ಮಾತು. 1985ರಲ್ಲಿ ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ತೆರೆದ ಜಾಗಗಳನ್ನು ಉಳಿಸುವ ಕಾಯ್ದೆ ಆಯಿತು. ಅದರ ಪ್ರಕಾರ ಆಯಾ ಊರಿನ ಆಡಳಿತ ಇಂಥ ಜಾಗಗಳ ಪಟ್ಟಿ ಮಾಡಿ ಇಡಬೇಕು. ಉಡುಪಿ, ಕಾಪು, ಕಾರ್ಕಳ, ಮೂರೂ ಕಡೆ ಮಾಹಿತಿ ಹಕ್ಕಿನಲ್ಲಿ ಆ ಪಟ್ಟಿ ಕೇಳುವ. ವಾರ್ಡುವಾರು ಕೇಳುವ. ಪಟ್ಟಿ ಬಂದ ಮೇಲೆ ನಮ್ಮ ಕಾಲನಿಗಳ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟು ನೋಡುವ. ಯಾವ ಕಾಲನಿಯಿಂದ ಯಾವ ಪಾರ್ಕಿಗೆ ಎಷ್ಟು ದೂರ ಅಂತ ನಡೆದೇ ಅಳೆಯುವ. ಅರ್ಜಿ ಬರೆಯುವ ಕೆಲಸ ನಮ್ಮದು. ಸಹಿ ಹಾಕುವ, ಹೆಬ್ಬೆಟ್ಟು ಒತ್ತುವ ಕೆಲಸ ನಿಮ್ಮದು.

ಇನ್ನೊಂದು ಸಣ್ಣ ಕೆಲಸಕ್ಕೆ ಅರ್ಜಿ ಬೇಡ, ಠರಾವು ಬೇಡ. ಬರುವ ಭಾನುವಾರ ನಾವು ಆ ಪಾರ್ಕಿಗೆ ಮತ್ತೆ ಹೋಗುತ್ತೇವೆ. ಈ ಸಲ ಏಳೆಂಟು ಜನ ಅಲ್ಲ, ಮಕ್ಕಳು ಮುದುಕರು ಸೇರಿ ಎಲ್ಲರೂ. ಗಲಾಟೆಗೆ ಅಲ್ಲ, ಕೂರಲಿಕ್ಕೆ. ಬುತ್ತಿ ತನ್ನಿ. ವಾಚ್‌ಮನ್ ತಮ್ಮನಿಗೂ ಒಂದು ಪಾಲು ಇರಲಿ. ಆ ಅಕ್ಕನ ಕೆಲಸ ಮುಗಿಯುವವರೆಗೆ ಕಾಯುವ. ಆಮೇಲೆ ಅವರನ್ನು ಕರೆದು ನೆರಳಿನ ಬೆಂಚಿನಲ್ಲಿ ನಡುವೆ ಕೂರಿಸಿ, ನಾವು ಎರಡೂ ಬದಿ ಕೂತು ಒಟ್ಟಿಗೆ ಉಣ್ಣುವ.

ಅವರು ಮೊದಲ ದಿನ ಕೂರಲಿಕ್ಕಿಲ್ಲ. ಎರಡನೇ ಭಾನುವಾರವೂ ಹೋಗುವ. ಮೂರನೆಯದೂ ಹೋಗುವ. ಅವರಾಗಿ ಬಂದು ಕೂತ ದಿನ ಆ ಜಾಗವನ್ನು ಸಾರ್ವಜನಿಕ ಪಾರ್ಕು ಅಂತ ಕರೆಯುವ.

ಜೈ ಭೀಮ್.