ಉಣ್ಣಿಯನ್ನು ಕೈಯಿಂದ ಹಿಸುಕಬೇಡಿರಿ



ಎತ್ತಿನ ಕಿವಿಯಲ್ಲಿ, ಬಾಲದ ಬುಡದಲ್ಲಿ, ಆಕಳ ಕೆಚ್ಚಲಿನ ಸಂದಿಯಲ್ಲಿ ಉಣ್ಣಿ ಕಾಣದ ಮನೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಅಪರೂಪವೇ. ಸಂಜೆ ದನದ ಮೈ ಸವರುತ್ತ ಉಣ್ಣಿ ಕಿತ್ತು ಬೆರಳಿನಿಂದ ಹಿಸುಕುವುದು ನಮ್ಮಲ್ಲಿ ಹಳೆಯ ರೂಢಿ. ಹುಡುಗರಿಗಂತೂ ಅದೊಂದು ಆಟ. ಆ ರೂಢಿಯನ್ನು ಬಿಡಿರೆಂದು ಕೇಳಲು ಬಂದಿದ್ದೇನೆ.

2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳು ಜ್ವರ ಬಂದು, ರಕ್ತಸ್ರಾವವಾಗಿ ತೀರಿಕೊಂಡಳು. ಅವಳಿಗೆ ಚಿಕಿತ್ಸೆ ನೀಡಿದ ಡಾಕ್ಟರರೂ ನರ್ಸೂ ಅದೇ ಜ್ವರಕ್ಕೆ ಬಲಿಯಾದರು. ಅದು ಕ್ರಿಮಿಯನ್-ಕಾಂಗೊ ಜ್ವರವೆಂದು ಪುಣೆಯ ವೈರಾಣು ಸಂಸ್ಥೆ ಪತ್ತೆ ಹಚ್ಚಿತು. ಇದನ್ನು ಹರಡುವುದು ದನ, ಕುರಿ, ಆಡುಗಳ ಮೈಮೇಲಿನ ಉಣ್ಣಿ. ದನಕ್ಕೆ ಏನೂ ಆದಂತೆ ತೋರದು. ಆದರೆ ಉಣ್ಣಿ ಕಚ್ಚಿದರೆ, ಹಿಸುಕಿದ ಉಣ್ಣಿಯ ರಸ ಕೈಗಾಯಕ್ಕೆ ತಗುಲಿದರೆ, ಕೊಯ್ದ ಪ್ರಾಣಿಯ ರಕ್ತ ತಾಕಿದರೆ ಮನುಷ್ಯನಿಗೆ ಬರುತ್ತದೆ. ಕುರಿಗಾರರು, ಕುರಿ ಕೊಯ್ಯುವವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಮೈಗೆ ಉಣ್ಣಿ ಕಚ್ಚಿಕೊಂಡರೆ ಬೀಡಿಯಿಂದ ಸುಡುವುದು, ಎಣ್ಣೆ ಬಿಡುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ತಿರುವದೆ, ನೆಟ್ಟಗೆ ಸಾವಕಾಶವಾಗಿ ಎಳೆಯಿರಿ. ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ದನದ ಉಣ್ಣಿಯನ್ನು ಬರಿಗೈಯಿಂದ ಕೀಳದೆ, ಕಿತ್ತದ್ದನ್ನು ಕೆಂಡಕ್ಕೆ ಹಾಕಿರಿ.

ಕಿತ್ತಷ್ಟಕ್ಕೆ ಮುಗಿಯಲಿಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣಿ ಕೆಳಗೆ ಉದುರಿ, ಕೊಟ್ಟಿಗೆಯ ಗೋಡೆಯ ಸಂದಿ ಸೇರಿ ಸಾವಿರಾರು ತತ್ತಿ ಇಡುತ್ತದೆ. ಆದ್ದರಿಂದ ಕಲ್ಲುಗೋಡೆಯ ಬಿರುಕುಗಳನ್ನು ಮಣ್ಣಿನಿಂದ ಮೆತ್ತಿರಿ. ಪಶುವೈದ್ಯರು ಹೇಳಿದ ಔಷಧವನ್ನು, ಅವರು ಹೇಳಿದ ಪ್ರಮಾಣದಲ್ಲಿಯೇ, ದನಕ್ಕೂ ಗೋಡೆಗೂ ಹೊಡೆಯಿರಿ, ಗೋದಲಿಗೆ ಸಿಡಿಯದಿರಲಿ. ಹತ್ತಿಗೆ ಹೊಡೆದು ಉಳಿದ ಔಷಧವನ್ನು ಮಾತ್ರ ದನಕ್ಕೆ ಬಳಿಯಬೇಡಿರಿ. ಎತ್ತು ಮೈ ನೆಕ್ಕಿಕೊಂಡರೆ ಸತ್ತೀತು. ಉಣ್ಣಿಗಾಗಿ ಎತ್ತನ್ನು ಕಳೆದುಕೊಳ್ಳುವುದು ಯಾವ ಲೆಕ್ಕ? ಮಿಶ್ರತಳಿ ಆಕಳಿಗೆ ಬರುವ ಥೈಲೇರಿಯಾ ಜ್ವರ, ಮೂತ್ರ ಕೆಂಪಾಗುವ ಬೇನೆ ಇವೂ ಉಣ್ಣಿಯಿಂದಲೇ ಎಂಬುದು ನೆನಪಿರಲಿ.

ಇನ್ನು ದುಡಿಯಲು ಮಲೆನಾಡಿಗೆ ಹೋಗುವವರಿಗೆ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ, ಇಂದಿಗೂ ಹೋಗಿಲ್ಲ. ನಮ್ಮ ಬಯಲುಸೀಮೆಯದಲ್ಲ, ಕಾಡಿನದು. ಅಲ್ಲಿಯವರು ಉಣುಗು ಎಂದು ಕರೆಯುವ ಆ ಉಣ್ಣಿಯ ಮರಿ ಸಾಸಿವೆ ಕಾಳಿನಷ್ಟೂ ಇರದು, ಕಣ್ಣಿಗೆ ಬೀಳುವುದೇ ಕಷ್ಟ. ಡಿಸೆಂಬರದಿಂದ ಮೇ ವರೆಗೆ ಅದರ ಕಾಟ ಹೆಚ್ಚು. ಆಗ ಕಾಡಿಗೆ ಹೋಗುವವರು ತುಂಬುತೋಳಿನ ಅಂಗಿ ತೊಟ್ಟು, ಕಾಲು ಮುಚ್ಚಿಕೊಂಡು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು.

ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತವೆ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಇಲ್ಲಿಯ ಡಾಕ್ಟರರಿಗೆ ಮಲೇರಿಯಾ, ಡೆಂಗಿ ಮೊದಲು ನೆನಪಾಗುವುದು ಸಹಜ. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಅವರು ಕೇಳಲಿ, ಕೇಳದಿರಲಿ, ಎಲ್ಲಿ ದುಡಿಯಲು ಹೋಗಿದ್ದಿರಿ, ಉಣ್ಣಿ ಕಚ್ಚಿತ್ತೇ, ದನಕುರಿಗಳ ಉಣ್ಣಿ ಕಿತ್ತಿದ್ದಿರೇ ಎಂಬುದನ್ನು ನೀವೇ ಮೊದಲು ಹೇಳಿರಿ.